ಹಗುರ ಲಿನಕ್ಸ್ ಡಿಸ್ಟ್ರೊದಲ್ಲಿ ಮೊದಲೇ ಯಾವ ಸಾಫ್ಟ್‌ವೇರ್ ಇರಬೇಕು?

ಹಳೆಪೆಟ್ಟಿಗೆ
ನಾವು ಕೆಲವರು ಸೇರಿ ಡೆಬಿಯನ್ 13 ಅನ್ನುವ ಲಿನಕ್ಸ್ ಆಧರಿಸಿ ಒಂದು ಹಗುರ ಡಿಸ್ಟ್ರೊ (ಲಿನಕ್ಸ್ ಜೊತೆ ಸಾಫ್ಟ್‌ವೇರ್ ಜೋಡಿಸಿದ ಪೂರ್ತಿ ಸಿಸ್ಟಂ) ಕಟ್ಟುತ್ತಿದ್ದೇವೆ. 2 ಜಿಬಿ ರ‍್ಯಾಮ್ ಇರುವ ಹಳೆ 64-ಬಿಟ್ ಲ್ಯಾಪ್‌ಟಾಪ್ ನಮ್ಮ ಗುರಿ. ಇನ್‌ಸ್ಟಾಲ್ ಮಾಡಲು ಬಳಸುವ ಐಎಸ್‌ಒ ಫೈಲು 1.5 ಜಿಬಿ ದಾಟಬಾರದು ಅಂತ ನಾವೇ ಗೆರೆ ಹಾಕಿಕೊಂಡಿದ್ದೇವೆ. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್, ಫೈಲ್ ಮ್ಯಾನೇಜರ್ ಥುನಾರ್, ಎಡಿಟರ್ ಮೌಸ್‌ಪ್ಯಾಡ್ ತನಕ ಎಲ್ಲರೂ ಒಪ್ಪಿದರು. ಆಮೇಲೆ ಶುರುವಾಯಿತು ನೋಡಿ.

ಬ್ರೌಸರ್‌ಗೆ ಫೈರ್‌ಫಾಕ್ಸ್ ಇಎಸ್‌ಆರ್ (ದೀರ್ಘಕಾಲ ಬೆಂಬಲವಿರುವ ಆವೃತ್ತಿ) ಅಂದರೆ ಒಬ್ಬರಿಗೆ ಆಗುವುದಿಲ್ಲ, ಫಾಲ್ಕನ್ ಅಂದರೆ ಇನ್ನೊಬ್ಬರಿಗೆ. ಆಫೀಸ್ ಕೆಲಸಕ್ಕೆ ಲಿಬ್ರೆಆಫೀಸ್ ಹಾಕೋಣವೇ, ಅಬಿವರ್ಡ್ ಮತ್ತು ನ್ಯೂಮೆರಿಕ್ ಸಾಕೇ? ವಿಡಿಯೊಗೆ ವಿಎಲ್‌ಸಿಯೋ ಎಂಪಿವಿಯೋ? ಪ್ರಿಂಟಿಂಗ್, ಬ್ಲೂಟೂತ್ ಮೊದಲೇ ಇರಬೇಕೇ? ಒಬ್ಬರಂತೂ "ಏನೂ ಬೇಡ, ಟರ್ಮಿನಲ್ ಕೊಟ್ಟು ಬಿಡಿ, ಬೇಕಾದವರು ಹಾಕಿಕೊಳ್ಳಲಿ" ಅನ್ನುತ್ತಿದ್ದಾರೆ. ನೀವಾದರೆ ಏನು ಇಡುತ್ತೀರಿ, ಏನು ಬಿಡುತ್ತೀರಿ? ಕಾರಣವನ್ನೂ ಹೇಳಿ. ಬರೀ ಪಟ್ಟಿ ನಮ್ಮ ಹತ್ತಿರ ಬೇಕಾದಷ್ಟಿದೆ.

ಐಸ್‌ಗಡ್ಡೆ
ಎಕ್ಸ್‌ಎಫ್‌ಸಿಇಯನ್ನು ಹಗುರ ಅನ್ನುವ ಕಾಲ ಹೋಯಿತು. ಐಸ್‌ಡಬ್ಲ್ಯೂಎಂ ಅನ್ನುವ ವಿಂಡೋ ಮ್ಯಾನೇಜರ್ (ಕಿಟಕಿಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ) ಹಾಕಿ. ಆಂಟಿಎಕ್ಸ್ ಡಿಸ್ಟ್ರೊದವರು ಅದನ್ನೇ ಮಾಡಿದ್ದಾರೆ, ಹಳೆ ಯಂತ್ರದಲ್ಲೂ ಚೆನ್ನಾಗಿ ಓಡುತ್ತದೆ.

ಸ್ವಾಪ್‌ಸಾಹೇಬ
ಐಸ್‌ಗಡ್ಡೆಯವರೇ, ಡೆಸ್ಕ್‌ಟಾಪ್ ಬದಲಿಸಿದರೆ ಉಳಿಯುವುದು ನೂರು, ಇನ್ನೂರು ಎಂಬಿ. ಬ್ರೌಸರ್ ತೆರೆದು ನಾಲ್ಕು ಟ್ಯಾಬ್ ಮಾಡಿದ ಕೂಡಲೇ ಅಷ್ಟೂ ಹೋಯಿತು. ಜನ ಲ್ಯಾಪ್‌ಟಾಪ್ ತೆರೆಯುವುದು ಐಸ್‌ಡಬ್ಲ್ಯೂಎಂ ನೋಡುವುದಕ್ಕಲ್ಲ, ಬ್ರೌಸರ್ ನೋಡುವುದಕ್ಕೆ. ಅಲ್ವಾ?

ಐಸ್‌ಗಡ್ಡೆ
2 ಜಿಬಿಯಲ್ಲಿ ಇನ್ನೂರು ಎಂಬಿ ಅಂದರೆ ಹತ್ತರಲ್ಲಿ ಒಂದು ಪಾಲು. ಅದು ಕಡಿಮೆಯೇ? ನನ್ನ ಸಿಸ್ಟಂ ಬೂಟ್ ಆದ ಮೇಲೆ 200 ಎಂಬಿ ಒಳಗೇ ಇರುತ್ತದೆ.

ಪೇಜ್‌ಟೇಬಲ್
ಯಾವುದರಲ್ಲಿ ಅಳೆದಿರಿ? ಇದು ಮುಖ್ಯ. ಮೆಮೊರಿ ತೋರಿಸುವ ಫ್ರೀ ಕಮಾಂಡ್‌ನ "ಯೂಸ್ಡ್" ಕಾಲಂ ಎಲ್ಲ ಕಡೆ ಒಂದೇ ಅಲ್ಲ. ಹಳೆ ಪ್ರೊಕ್‌ಪಿಎಸ್‌ನಲ್ಲಿ (ಆ ಕಮಾಂಡ್ ಇರುವ ಪ್ಯಾಕೇಜ್) ಒಟ್ಟು ಮೆಮೊರಿಯಿಂದ ಫ್ರೀ, ಬಫರ್, ಕ್ಯಾಶ್ ಕಳೆಯುತ್ತಿದ್ದರು. 4ರ ಸರಣಿಯಲ್ಲಿ ಒಟ್ಟಿನಿಂದ "ಅವೈಲಬಲ್" ಕಳೆಯುತ್ತಾರೆ. ಅದೇ ಯಂತ್ರ, ಅದೇ ಪ್ರೋಗ್ರಾಂಗಳು, ಅಂಕಿ ಬೇರೆ. ಎಚ್‌ಟಾಪ್ ಅನ್ನುವ ಇನ್ನೊಂದು ಪ್ರೋಗ್ರಾಂನ ಲೆಕ್ಕವೂ ಅದರದೇ. ಎರಡು ಡಿಸ್ಟ್ರೊಗಳ ಸ್ಕ್ರೀನ್‌ಶಾಟ್ ಪಕ್ಕಪಕ್ಕ ಇಟ್ಟು "ನಮ್ಮದು ಹಗುರ" ಅನ್ನುವವರಲ್ಲಿ ಅರ್ಧ ಜನ ಇದನ್ನು ನೋಡಿರುವುದಿಲ್ಲ.

ಇನ್ನೊಂದು ಮಾತು. ಪ್ರತಿ ಪ್ರೋಗ್ರಾಂನ ಆರ್‌ಎಸ್‌ಎಸ್ (ಅದು ಮೆಮೊರಿಯಲ್ಲಿ ಹಿಡಿದ ಒಟ್ಟು ಜಾಗ) ಕೂಡಿಸಿ ಲೆಕ್ಕ ಹಾಕಬೇಡಿ. ಕಿಟಕಿ, ಬಟನ್ ಬಿಡಿಸುವ ಜಿಟಿಕೆ ಲೈಬ್ರರಿಯನ್ನು ಹತ್ತು ಪ್ರೋಗ್ರಾಂ ಹಂಚಿಕೊಂಡಿದ್ದರೆ ಅದು ಹತ್ತು ಸಲ ಲೆಕ್ಕಕ್ಕೆ ಬರುತ್ತದೆ. ಎಸ್‌ಮೆಮ್ ಅನ್ನುವ ಪ್ರೋಗ್ರಾಂ ಹಾಕಿ ಪಿಎಸ್‌ಎಸ್ ಅಂಕಿ ನೋಡಿ. ಹಂಚಿಕೊಂಡಿದ್ದನ್ನು ಭಾಗ ಮಾಡಿ ತೋರಿಸುತ್ತದೆ.

ಇದರಿಂದಲೇ ಪ್ಯಾಕೇಜ್ ಆಯ್ಕೆಗೂ ಒಂದು ದಾರಿ ಸಿಗುತ್ತದೆ. ಎಕ್ಸ್‌ಎಫ್‌ಸಿಇ ಅಂದರೆ ಜಿಟಿಕೆ3. ಹಾಗಿದ್ದರೆ ಉಳಿದ ಆ್ಯಪ್‌ಗಳೂ ಆದಷ್ಟು ಜಿಟಿಕೆ3 ಇರಲಿ. ನಡುವೆ ಕ್ಯೂಟಿ ಅನ್ನುವ ಬೇರೆ ಲೈಬ್ರರಿಯ ಒಂದು ಆ್ಯಪ್ ತಂದರೆ ಅದೊಂದಕ್ಕಾಗಿ ಇಡೀ ಕ್ಯೂಟಿ ಡಿಸ್ಕಿಗೂ ಬರುತ್ತದೆ, ತೆರೆದಾಗ ಮೆಮೊರಿಗೂ ಬರುತ್ತದೆ. ಕ್ಯೂಟಿಯೇ ಇಷ್ಟ ಅಂದರೆ ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್ ಹಾಕಿ, ಎಲ್ಲವನ್ನೂ ಕ್ಯೂಟಿಯಲ್ಲೇ ಇಡಿ. ಲುಬುಂಟು ಡಿಸ್ಟ್ರೊ 18.10ರಿಂದ ಹಾಗೆ ಮಾಡಿಕೊಂಡು ಬಂದಿದೆ. ಅರ್ಧ ಅದು, ಅರ್ಧ ಇದು ಮಾತ್ರ ಬೇಡ.

ಮೌನಿ_42
ಡಿಲ್ಲೊ ಹಾಕಿ ಸ್ವಾಮಿ. ಬ್ರೌಸರ್ ಜಗಳ ಅಲ್ಲಿಗೆ ಮುಗಿಯಿತು.

ಸ್ವಾಪ್‌ಸಾಹೇಬ
ಡಿಲ್ಲೊದಲ್ಲಿ ಜಾವಾಸ್ಕ್ರಿಪ್ಟ್ ಓಡುವುದಿಲ್ಲ. ಅದಿಲ್ಲದೆ ಇವತ್ತು ಯಾವ ಸೈಟಿಗೆ ಲಾಗಿನ್ ಆಗುತ್ತೀರಿ?

ಮೌನಿ_42
ಲಾಗಿನ್ ಯಾಕೆ ಆಗಬೇಕು? ಓದುವುದಕ್ಕೆ ಸಾಕು. 2015ರಲ್ಲಿ 3.0.5 ಬಂದಿತ್ತು, ಆಮೇಲೆ ಎಲ್ಲರೂ ಸತ್ತೇಹೋಯಿತು ಅಂದರು. 2024ರಲ್ಲಿ 3.1 ಬಂತು. ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಳ್ಳುತ್ತದೆ. ಮುಖ್ಯ ಬ್ರೌಸರ್ ಬೇಡ ಅಂದರೆ ಬೇಡ, ಎರಡನೆಯದಾಗಿ ಇಡಿ. ಹೆಲ್ಪ್ ಪುಟ ತೋರಿಸುವುದಕ್ಕಾದರೂ ಆಗುತ್ತದೆ.

ಕೀಲಿಕೈ
ಫಾಲ್ಕನ್ ಬಗ್ಗೆ ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ. ಅದರ ಹೊಟ್ಟೆಯಲ್ಲಿರುವುದು ಕ್ಯೂಟಿವೆಬ್‌ಎಂಜಿನ್. ಅಂದರೆ ಕ್ರೋಮಿಯಂನದೇ ಎಂಜಿನ್. ಮೇಲಿನ ಕಿಟಕಿ, ಬಟನ್‌ಗಳು ಹಗುರ, ಅಷ್ಟೇ. ಪುಟ ತೆರೆದರೆ ತಿನ್ನುವುದು ತಿಂದೇ ತಿನ್ನುತ್ತದೆ. ಮೇಲೆ ಪೇಜ್‌ಟೇಬಲ್ ಹೇಳಿದ ಹಾಗೆ ಕ್ಯೂಟಿಯನ್ನೂ ಎಳೆದು ತರುತ್ತದೆ.

ಅದಕ್ಕಿಂತ ದೊಡ್ಡದು ಸೆಕ್ಯುರಿಟಿ. ಬ್ರೌಸರ್ ಎಂಜಿನ್‌ಗಳಲ್ಲಿ ದೋಷಗಳು ಸಿಗುತ್ತಲೇ ಇರುತ್ತವೆ. ಎಲ್ಲ ಎಂಜಿನ್‌ಗೂ ಡೆಬಿಯನ್ ಒಂದೇ ರೀತಿ ಸೆಕ್ಯುರಿಟಿ ಅಪ್‌ಡೇಟ್ ಕೊಡುವುದಿಲ್ಲ. ಸಾಮಾನ್ಯ ಬ್ರೌಸಿಂಗಿಗೆ ಫೈರ್‌ಫಾಕ್ಸ್ ಅಥವಾ ಕ್ರೋಮಿಯಂ ಬಳಸಿ ಅಂತ ಅವರ ಬಿಡುಗಡೆ ಟಿಪ್ಪಣಿಯಲ್ಲೇ ಇದೆ. ನೀವು ಡೀಫಾಲ್ಟ್ ಮಾಡಿ ಕೊಟ್ಟದ್ದನ್ನು ಜನ ನಂಬಿ ಬಳಸುತ್ತಾರೆ. ಪಾಸ್‌ವರ್ಡ್ ಹಾಕುವ ಜಾಗದಲ್ಲಿ ಹಗುರದ ಹೆಸರಲ್ಲಿ ಆಟ ಆಡಬೇಡಿ. ಫೈರ್‌ಫಾಕ್ಸ್ ಇಎಸ್‌ಆರ್ ಇಡಿ, ಜೊತೆಗೆ ಯುಬ್ಲಾಕ್ ಒರಿಜಿನ್ ಮೊದಲೇ ಹಾಕಿ. ಡೆಬಿಯನ್‌ನಲ್ಲೇ ಪ್ಯಾಕೇಜ್ ಇದೆ. ಜಾಹೀರಾತು ತಡೆದರೆ ಉಳಿಯುವ ಮೆಮೊರಿಯನ್ನು ಯಾವ ವಿಂಡೋ ಮ್ಯಾನೇಜರೂ ಉಳಿಸಿಕೊಡುವುದಿಲ್ಲ.

ಬಿಟ್_ಬಡವ
ಫೈರ್‌ಫಾಕ್ಸ್‌ನಲ್ಲಿ ಪುಟಗಳನ್ನು ಓಡಿಸುವ ಕಂಟೆಂಟ್ ಪ್ರೊಸೆಸ್ ಸಂಖ್ಯೆ ಇಳಿಸಿದರೆ ಇನ್ನೂ ಹಗುರ ಆಗುತ್ತದೆ. ಅದನ್ನೂ ಡೀಫಾಲ್ಟ್ ಮಾಡಿ.

ಕೀಲಿಕೈ
ಫೈರ್‌ಫಾಕ್ಸ್‌ಗೆ ಫಿಶನ್ ಅನ್ನುವ ವ್ಯವಸ್ಥೆ ಬಂದ ಮೇಲೆ ಬೇರೆ ಬೇರೆ ಸೈಟಿಗೆ ಬೇರೆ ಬೇರೆ ಪ್ರೊಸೆಸ್. ಒಂದು ಸೈಟ್ ಇನ್ನೊಂದರ ಗುಟ್ಟು ಕದಿಯದಿರಲಿ ಅಂತಲೇ ಹಾಗೆ ಮಾಡಿದ್ದು. ಅದನ್ನು ಆಫ್ ಮಾಡುವ ತಿರುಚಾಟ ನಿಮ್ಮ ಯಂತ್ರದಲ್ಲಿ ಮಾಡಿಕೊಳ್ಳಿ. ಡಿಸ್ಟ್ರೊದಲ್ಲಿ ಬೇಡ.

ಸ್ವಾಪ್‌ಸಾಹೇಬ
ಹೆಸರಿಗೆ ತಕ್ಕ ಹಾಗೆ ನಾನು ಸ್ವಾಪ್ (ಮೆಮೊರಿ ಸಾಲದಾಗ ಅದರಲ್ಲಿರುವುದನ್ನು ಬೇರೆಡೆ ಸರಿಸಿಡುವುದು) ಬಗ್ಗೆಯೇ ಹೇಳಬೇಕಲ್ಲ. ಆ್ಯಪ್ ಪಟ್ಟಿ ಆಮೇಲೆ ಮಾಡಿ, ಮೊದಲು ಝಡ್‌ರ‍್ಯಾಮ್ ಹಾಕಿ. ಬಳಸದ ಮೆಮೊರಿ ಪುಟಗಳನ್ನು ರ‍್ಯಾಮ್‌ನಲ್ಲೇ ಒತ್ತಿ ಚಿಕ್ಕದು ಮಾಡಿ ಇಡುತ್ತದೆ. ಹಳೆ ಲ್ಯಾಪ್‌ಟಾಪ್‌ನ ತಿರುಗುವ ಹಾರ್ಡ್ ಡಿಸ್ಕಿಗೆ ಸ್ವಾಪ್ ಹೋಯಿತೆಂದರೆ ಮೌಸ್ ಕೂಡ ನಿಂತುಬಿಡುತ್ತದೆ. ಫೆಡೋರಾ ಡಿಸ್ಟ್ರೊ 2020ರಲ್ಲಿ, 33ನೇ ಆವೃತ್ತಿಯಿಂದ, ಇದನ್ನು ಎಲ್ಲರಿಗೂ ಡೀಫಾಲ್ಟ್ ಮಾಡಿತು. ಸ್ವಾಪಿನೆಸ್ (ಎಷ್ಟು ಬೇಗ ಸ್ವಾಪ್‌ಗೆ ಹೋಗಬೇಕು ಅನ್ನುವ ಅಂಕಿ) 60 ಇರುವುದನ್ನು ಏರಿಸಿ. ಲಿನಕ್ಸ್‌ನ ತಿರುಳಾದ ಕರ್ನಲ್ 5.8ರಿಂದ 200ರ ತನಕ ಕೊಡಬಹುದು. ಝಡ್‌ರ‍್ಯಾಮ್ ಇದ್ದಾಗ 100ಕ್ಕಿಂತ ಮೇಲೆ ಇಟ್ಟರೂ ತೊಂದರೆ ಇಲ್ಲ.

ಅದರ ಜೊತೆ ಅರ್ಲಿಊಮ್. ಮೆಮೊರಿ ಪೂರ್ತಿ ಮುಗಿಯುವ ಮೊದಲೇ ಜಾಸ್ತಿ ತಿನ್ನುತ್ತಿರುವ ಪ್ರೊಸೆಸ್ ಒಂದನ್ನು ಕೊಲ್ಲುತ್ತದೆ. ಒಂದು ಟ್ಯಾಬ್ ಹೋಗಬಹುದು, ಆದರೆ ಯಂತ್ರ ಬದುಕುತ್ತದೆ. ಕರ್ನಲ್ ತಾನಾಗಿ ಎಚ್ಚೆತ್ತು ಕೊಲ್ಲುವ ಹೊತ್ತಿಗೆ ಜನ ಪವರ್ ಬಟನ್ ಒತ್ತಿ ಹಿಡಿದಿರುತ್ತಾರೆ.

ಐಸ್‌ಗಡ್ಡೆ
ಹಳೆ ಪ್ರೊಸೆಸರ್‌ಗೆ ಈ ಒತ್ತುವ, ಬಿಚ್ಚುವ ಕೆಲಸ ಭಾರ ಆಗುವುದಿಲ್ಲವೇ?

ಸ್ವಾಪ್‌ಸಾಹೇಬ
ಆಗುತ್ತದೆ, ಸ್ವಲ್ಪ. ಒತ್ತುವ ವಿಧಾನಕ್ಕೆ ಝಡ್‌ಸ್ಟ್ಯಾಂಡರ್ಡ್ ಬದಲು ಎಲ್‌ಝಡ್4 ಕೊಡಿ. ಅಷ್ಟು ಚಿಕ್ಕದಾಗುವುದಿಲ್ಲ, ಆದರೆ ಬೇಗ. ಹೇಗಿದ್ದರೂ ಹಾರ್ಡ್ ಡಿಸ್ಕಿಗಾಗಿ ಕಾಯುವುದಕ್ಕಿಂತ ವಾಸಿ.

ಹಳೆಪೆಟ್ಟಿಗೆ
ಇದು ನಮ್ಮ ಪಟ್ಟಿಯಲ್ಲೇ ಇರಲಿಲ್ಲ! ಎರಡೂ ಸೇರಿಸುತ್ತೇವೆ. ಆಫೀಸ್ ವಿಷಯಕ್ಕೆ ಬನ್ನಿ.

ತಿರುಪುಳಿ
ಹಳೆ ಕಂಪ್ಯೂಟರ್‌ಗಳನ್ನು ಸರಿ ಮಾಡಿ ಬೇರೆಯವರಿಗೆ ಕೊಡುವ ಕೆಲಸ ನನ್ನದು. ತೆಗೆದುಕೊಂಡು ಹೋದವರು ಕೇಳುವ ಮೊದಲ ಪ್ರಶ್ನೆ "ವರ್ಡ್ ಎಲ್ಲಿದೆ?" ಎರಡನೆಯದು "ವಿಡಿಯೊ ಓಡುತ್ತದಾ?" ಮೂರನೆಯದು ಪ್ರಿಂಟರ್. ಯಾವ ವಿಂಡೋ ಮ್ಯಾನೇಜರ್ ಅಂತ ಇವತ್ತಿನವರೆಗೂ ಯಾರೂ ಕೇಳಿಲ್ಲ.

ಅಬಿವರ್ಡ್ ತೆರೆಯುವುದು ಬೇಗ, ನಿಜ. ಆದರೆ ಇನ್ನೊಬ್ಬರು ಕಳಿಸಿದ ಡಾಕ್ಸ್ ಫೈಲಿನಲ್ಲಿ ಎರಡು ಟೇಬಲ್, ಒಂದು ಚಿತ್ರ ಇದ್ದರೆ ಅಂಕೆಗೆ ಸಿಗುವುದಿಲ್ಲ. ಬಳಸುವವರು ತಮ್ಮದೇ ತಪ್ಪು ಅಂದುಕೊಳ್ಳುತ್ತಾರೆ. ಅರ್ಜಿ ಹಾಳಾಗಿ ಹೋಗುತ್ತದೆ. ಲಿಬ್ರೆಆಫೀಸೇ ಇಡಿ.

ಬಿಟ್_ಬಡವ
ಲಿಬ್ರೆಆಫೀಸ್ ಹಾಕಿ "ಹಗುರ ಡಿಸ್ಟ್ರೊ" ಅನ್ನುವುದು ತಮಾಷೆಯಾಗಿದೆ.

ಪೇಜ್‌ಟೇಬಲ್
ತೆರೆಯದ ಪ್ರೋಗ್ರಾಂ ರ‍್ಯಾಮ್ ತಿನ್ನುವುದಿಲ್ಲ. ಡಿಸ್ಕ್ ತಿನ್ನುತ್ತದೆ, ಐಎಸ್‌ಒ ದೊಡ್ಡದು ಮಾಡುತ್ತದೆ, ಅಷ್ಟೇ. ಹಳೆ ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್ ಕಡಿಮೆ ಇರುತ್ತದೆ, ಡಿಸ್ಕ್ ಸಾಮಾನ್ಯವಾಗಿ ಧಾರಾಳವಾಗಿ ಇರುತ್ತದೆ. ಕಡಿಯಬೇಕಾದ್ದು ಬೂಟ್ ಆದ ಕ್ಷಣದಿಂದ ಹಿಂದೆ ಓಡುತ್ತಲೇ ಇರುವ ಸರ್ವಿಸ್‌ಗಳನ್ನು. ಅಪ್‌ಡೇಟ್ ಹುಡುಕುವ ಡೀಮನ್, ಫೈಲುಗಳ ಸೂಚಿ ಮಾಡುವ ಡೀಮನ್, ಆ್ಯಪ್ ಅಂಗಡಿಯ ಹಿನ್ನೆಲೆ ಪ್ರೊಸೆಸ್. ಮೆನುವಿನಲ್ಲಿ ಸುಮ್ನೆ ಕೂತಿರುವ ಐಕಾನ್ ಮೇಲೆ ಯಾಕೆ ಸಿಟ್ಟು?

ಲಿಬ್ರೆಆಫೀಸ್‌ನಲ್ಲಿ ಬರೆಯುವ ರೈಟರ್, ಲೆಕ್ಕದ ಕ್ಯಾಲ್ಕ್ ಎರಡೇ ಹಾಕಿ. ಪೂರ್ತಿ ಲಿಬ್ರೆಆಫೀಸ್ ಮೆಟಾಪ್ಯಾಕೇಜ್ (ಬೇರೆ ಪ್ಯಾಕೇಜ್‌ಗಳನ್ನು ಎಳೆದು ತರುವ ಖಾಲಿ ಪ್ಯಾಕೇಜ್) ತಂದರೆ ಡೇಟಾಬೇಸ್‌ನ ಬೇಸ್ ಬರುತ್ತದೆ, ಅದರ ಹಿಂದೆ ಜಾವಾ ಬರುತ್ತದೆ. ಜಿಟಿಕೆ3 ಪ್ಲಗಿನ್ ಪ್ಯಾಕೇಜ್ ಮಾತ್ರ ಮರೆಯಬೇಡಿ. ಅದಿಲ್ಲದಿದ್ದರೆ ಕಿಟಕಿ ನೋಡುವುದಕ್ಕೆ ತೊಂಬತ್ತರ ದಶಕದ ಹಾಗಿರುತ್ತದೆ.

ಮೌನಿ_42
ಹಾಗಾದರೆ ಚಿತ್ರ ತಿದ್ದುವ ಗಿಂಪ್ ಕೂಡ ಹಾಕಿಬಿಡಿ. ತೆರೆಯದಿದ್ದರೆ ರ‍್ಯಾಮ್ ತಿನ್ನುವುದಿಲ್ಲವಲ್ಲ!

ಪೇಜ್‌ಟೇಬಲ್
1.5 ಜಿಬಿ ಗೆರೆ ಇದೆಯಲ್ಲ ಮಾರಾಯರೇ. ಜಾಗ ಕಡಿಮೆ ಇದ್ದಾಗ ಹೆಚ್ಚು ಜನ ಬಳಸುವುದು ಮೊದಲು. ಉಬುಂಟು 2010ರಲ್ಲೇ ಗಿಂಪ್ ತೆಗೆಯಿತು, ಮಿಂಟ್ 19.3ರಲ್ಲಿ ಅದರ ಬದಲು ಡ್ರಾಯಿಂಗ್ ಅನ್ನುವ ಚಿಕ್ಕ ಆ್ಯಪ್ ಇಟ್ಟಿತು. ಯಾರ ಕೆಲಸವೂ ನಿಲ್ಲಲಿಲ್ಲ. ಗಿಂಪ್ ಬೇಕಾದವರಿಗೆ ಅದನ್ನು ಹಾಕಿಕೊಳ್ಳುವುದೂ ಗೊತ್ತಿರುತ್ತದೆ.

ಎಣಿಕೆಗಾರ
ಹೆಚ್ಚು ಜನ ಬಳಸುವುದು ಯಾವುದು ಅಂತ ಊಹೆ ಯಾಕೆ? ಡೆಬಿಯನ್‌ನ ಪಾಪ್‌ಕಾನ್ (ಯಾವ ಪ್ಯಾಕೇಜ್ ಎಷ್ಟು ಜನ ಬಳಸುತ್ತಾರೆ ಅನ್ನುವ ಸಮೀಕ್ಷೆ) ಅಂಕಿ ನೋಡಿ.

ಪ್ಯಾಕೇಜಕ್ಕ
ನೋಡಿ, ಆದರೆ "ಇನ್‌ಸ್ಟಾಲ್" ಕಾಲಂ ಬಿಟ್ಟು "ವೋಟ್" ನೋಡಿ. ಡೆಸ್ಕ್‌ಟಾಪ್ ಜೊತೆ ತಾನಾಗಿ ಬಂದದ್ದೆಲ್ಲ ಇನ್‌ಸ್ಟಾಲ್ ಲೆಕ್ಕದಲ್ಲಿ ಮೇಲೆ ಇರುತ್ತದೆ. ವೋಟ್ ಅಂದರೆ ಈಚೆಗೆ ನಿಜವಾಗಿ ಬಳಸಿದ್ದು. ಅಂಕಿ ಕಳಿಸಲು ಒಪ್ಪಿದವರ ಲೆಕ್ಕ ಮಾತ್ರ ಅದು. ಹಳೆ ಲ್ಯಾಪ್‌ಟಾಪ್‌ನಲ್ಲಿ ಮೊದಲ ಸಲ ಲಿನಕ್ಸ್ ನೋಡುವವರು ಅದರಲ್ಲಿ ಎಷ್ಟು ಜನ ಇರುತ್ತಾರೆ?

ನಾನು ಹೇಳಬೇಕಾದ್ದು ಬೇರೆ. ಏನು ಹಾಕುತ್ತೀರಿ ಅನ್ನುವಷ್ಟೇ ಹೇಗೆ ಹಾಕುತ್ತೀರಿ ಅನ್ನುವುದೂ ಮುಖ್ಯ. ಒಂದು ಮೆಟಾಪ್ಯಾಕೇಜ್ ಮಾಡಿ ಅದರ ಡಿಪೆಂಡ್ಸ್ (ಇರಲೇಬೇಕಾದವು) ಸಾಲಿನಲ್ಲಿ ಎಲ್ಲವನ್ನೂ ತುರುಕಿದಿರಿ ಅಂತ ಇಟ್ಟುಕೊಳ್ಳಿ. ಬಳಕೆದಾರರು ವಿಡಿಯೊ ಪ್ಲೇಯರ್ ಬೇಡ ಅಂತ ತೆಗೆಯುತ್ತಾರೆ. ಅದರ ಜೊತೆ ಮೆಟಾಪ್ಯಾಕೇಜೂ ಹೋಗುತ್ತದೆ. ಅದರಿಂದ ತಾನಾಗಿ ಬಂದಿದ್ದ ಉಳಿದವೆಲ್ಲ ಈಗ ಆಪ್ಟ್ (ಪ್ಯಾಕೇಜ್ ಹಾಕುವ, ತೆಗೆಯುವ ಪ್ರೋಗ್ರಾಂ) ಲೆಕ್ಕದಲ್ಲಿ ಯಾರಿಗೂ ಬೇಡದವು. ಮುಂದೆ ಯಾವತ್ತೋ ಬೇಡದವನ್ನು ತೆಗೆಯುವ ಆಟೊರಿಮೂವ್ ಕೊಟ್ಟು, ಪಟ್ಟಿ ಓದದೆ "ಹೌದು" ಒತ್ತುತ್ತಾರೆ. ರೀಬೂಟ್ ಮಾಡಿದರೆ ಪ್ಯಾನೆಲ್ ಇಲ್ಲ, ಫೈಲ್ ಮ್ಯಾನೇಜರ್ ಇಲ್ಲ.

ಪ್ಯಾನೆಲ್, ಸೆಷನ್, ನೆಟ್‌ವರ್ಕ್‌ನಂಥವು ಮಾತ್ರ ಡಿಪೆಂಡ್ಸ್‌ನಲ್ಲಿ ಇರಲಿ. ಬ್ರೌಸರ್, ಪ್ಲೇಯರ್, ಆಫೀಸ್ ಎಲ್ಲ ರೆಕಮೆಂಡ್ಸ್‌ಗೆ (ಇದ್ದರೆ ಒಳ್ಳೆಯದು ಅನ್ನುವ ಸಾಲು) ಹಾಕಿ. ಒಂದನ್ನು ತೆಗೆದರೆ ಅದೊಂದೇ ಹೋಗುತ್ತದೆ.

ಬಿಟ್_ಬಡವ
ರೆಕಮೆಂಡ್ಸ್ ಅನ್ನೇ ಆಫ್ ಮಾಡಿಬಿಡಿ. ಆಪ್ಟ್ ಸೆಟ್ಟಿಂಗ್‌ನಲ್ಲಿ ಒಂದು ಸಾಲು. ನೂರಾರು ಎಂಬಿ ಉಳಿಯುತ್ತದೆ. ಡೆಬಿಯನ್‌ನ ಹಳೆ ಲೆನ್ನಿ ಬಿಡುಗಡೆಗೆ ಮೊದಲು ಅದೇ ತಾನೇ ರೂಢಿ?

ಪ್ಯಾಕೇಜಕ್ಕ
ಆಫ್ ಮಾಡಿದರೆ ನಾನು ಈಗ ಹೇಳಿದ ಮೆಟಾಪ್ಯಾಕೇಜ್ ಬ್ರೌಸರ್, ಪ್ಲೇಯರ್, ಆಫೀಸ್ ಏನನ್ನೂ ತರುವುದಿಲ್ಲ! ಅದಿರಲಿ, ರೆಕಮೆಂಡ್ಸ್ ಇಲ್ಲದೆ ಥುನಾರ್ ಹಾಕಿ ನೋಡಿ. ಜಿವಿಎಫ್‌ಎಸ್ ಬರುವುದಿಲ್ಲ. ಕಸದ ಬುಟ್ಟಿ ಕೆಲಸ ಮಾಡುವುದಿಲ್ಲ, ಪೆನ್‌ಡ್ರೈವ್ ಹಾಕಿದರೆ ಸುಳಿವಿಲ್ಲ. ಬಳಕೆದಾರರು "ಈ ಲಿನಕ್ಸ್‌ನಲ್ಲಿ ಪೆನ್‌ಡ್ರೈವ್ ಓಡಲ್ಲ" ಅನ್ನುತ್ತಾರೆ.

ಐಎಸ್‌ಒ ಕಟ್ಟುವಾಗ ಆಫ್ ಮಾಡಿ, ಬೇಕಾದದ್ದನ್ನೆಲ್ಲ ಹೆಸರು ಹಿಡಿದು ಸೇರಿಸಿ. ಇನ್‌ಸ್ಟಾಲ್ ಆದ ಸಿಸ್ಟಂನಲ್ಲಿ ಡೆಬಿಯನ್ ಕೊಟ್ಟ ಹಾಗೇ ಇರಲಿ.

ಹಳೆಪೆಟ್ಟಿಗೆ
ನಾವು ಐಎಸ್‌ಒ ಕಟ್ಟುವ ಲೈವ್-ಬಿಲ್ಡ್ ಸಾಧನದ ಪಟ್ಟಿಯಲ್ಲಿ ಪ್ರತಿ ಪ್ಯಾಕೇಜ್ ಹೆಸರು ಬರೆಯುತ್ತಿದ್ದೇವೆ. ಹಾಗಿದ್ದರೂ ಆಟೊರಿಮೂವ್ ತೊಂದರೆ ಬರುತ್ತದಾ ಅಕ್ಕ?

ಪ್ಯಾಕೇಜಕ್ಕ
ಹೆಸರು ಹಿಡಿದು ಹಾಕಿದವು "ಮ್ಯಾನುಯಲ್" ಅಂತ ಗುರುತಾಗುತ್ತವೆ, ಆಟೊರಿಮೂವ್ ಮುಟ್ಟುವುದಿಲ್ಲ. ಆದರೆ ಮೆಟಾಪ್ಯಾಕೇಜ್ ಇಲ್ಲದಿದ್ದರೆ ಮುಂದಿನ ಆವೃತ್ತಿಯಲ್ಲಿ ನೀವು ಹೊಸದೊಂದು ಆ್ಯಪ್ ಸೇರಿಸಿದಾಗ ಹಳೆ ಬಳಕೆದಾರರಿಗೆ ಅದು ತಲುಪುವುದಿಲ್ಲ. ನಿಮಗೆ ಯಾವುದು ಮುಖ್ಯ ನೋಡಿಕೊಳ್ಳಿ.

ಸಾದಾಶೆಲ್
ಸಿಸ್ಟಂಡಿ (ಬೂಟ್ ಮಾಡಿ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ) ತೆಗೆದರೆ ಇನ್ನಷ್ಟು ಉಳಿಯುತ್ತದೆ.

ಐಸ್‌ಗಡ್ಡೆ
+1

ಕೀಲಿಕೈ
ಬಂತಪ್ಪ. ಅದಕ್ಕೆ ಬೇರೆ ಚರ್ಚೆ ಇದೆ, ಅಲ್ಲಿ ಹೋಗಿ ಹೊಡೆದಾಡಿ.

ಸಾದಾಶೆಲ್
ಸರಿ, ಎಡಿಟರ್ ಬಗ್ಗೆಯಾದರೂ ಮಾತಾಡಬಹುದಾ? ಟರ್ಮಿನಲ್‌ನಲ್ಲಿ ವಿಮ್ ಇರಲೇಬೇಕು.

ತಿರುಪುಳಿ
ಹೊರಗೆ ಬರುವುದು ಹೇಗೆ ಅಂತ ನನಗೆ ಫೋನ್ ಬರುತ್ತದೆ. ನ್ಯಾನೊ ಸಾಕು, ಕೆಳಗೇ ಕೀಲಿಗಳನ್ನು ಬರೆದು ತೋರಿಸುತ್ತದೆ. ಫೆಡೋರಾದವರೂ 33ರಲ್ಲಿ ನ್ಯಾನೊಗೇ ಬಂದರು.

ರೀಲು_ಬಿಡುವವ
ವಿಡಿಯೊ ವಿಷಯ ಯಾರೂ ಸರಿಯಾಗಿ ಎತ್ತಲಿಲ್ಲ. ವಿಎಲ್‌ಸಿ ಕ್ಯೂಟಿ ತರುತ್ತದೆ. ಸೆಲ್ಯುಲಾಯ್ಡ್ ಚೆನ್ನಾಗಿತ್ತು, ಈಗ ಅದು ಜಿಟಿಕೆ4. ಎಂಪಿವಿಗೆ ಮೆನು ಪಟ್ಟಿ ಇಲ್ಲ, ಹೊಸಬರಿಗೆ ಬಹುಮಟ್ಟಿಗೆ ಖಾಲಿ ಕಿಟಕಿ ಕಾಣುತ್ತದೆ. ಆದರೂ ನನ್ನ ವೋಟ್ ಎಂಪಿವಿಗೆ. ಹೊಸಬರು ಪ್ಲೇಯರ್ ತೆರೆದು ಫೈಲ್ ಹುಡುಕುವುದಿಲ್ಲ, ಫೈಲ್ ಮೇಲೆ ಎರಡು ಸಲ ಒತ್ತುತ್ತಾರೆ. ಅದಕ್ಕೆ ಎಂಪಿವಿ ಸಾಕು. ಕೆಳಗಿನ ಪಟ್ಟಿಯಲ್ಲಿ ನಿಲ್ಲಿಸು, ಮುಂದೆ ಓಡಿಸು, ಧ್ವನಿ ಎಲ್ಲ ಇದೆ.

ನಿಜವಾದ ತೊಂದರೆ ಇರುವುದು ಬ್ರೌಸರ್‌ನಲ್ಲಿ ನೋಡುವ ವಿಡಿಯೊದಲ್ಲಿ. ಯೂಟ್ಯೂಬ್ ಈಗ ವಿಪಿ9 ಅಥವಾ ಎವಿ1 ಅನ್ನುವ ಹೊಸ ಕೋಡೆಕ್‌ನಲ್ಲಿ (ವಿಡಿಯೊ ಒತ್ತುವ ವಿಧಾನ) ಕೊಡುತ್ತದೆ. ಹಳೆ ಗ್ರಾಫಿಕ್ಸ್ ಚಿಪ್ ಅವನ್ನು ಬಿಚ್ಚಲಾರದು. ಕೆಲಸ ಎಲ್ಲ ಪ್ರೊಸೆಸರ್ ತಲೆ ಮೇಲೆ ಬೀಳುತ್ತದೆ, ಫ್ಯಾನ್ ಕೂಗುತ್ತದೆ, ಚಿತ್ರ ತಡವರಿಸುತ್ತದೆ. ಹಳೆಯ ಎಚ್264 ಆದರೆ ಅದೇ ಚಿಪ್ ಆರಾಮಾಗಿ ಓಡಿಸುತ್ತದೆ. ಎಚ್264ಅನ್ನೇ ಕೇಳುವ ಬ್ರೌಸರ್ ಎಕ್ಸ್‌ಟೆನ್ಷನ್‌ಗಳಿವೆ, ಅಂಥದ್ದೊಂದನ್ನು ಮೊದಲೇ ಹಾಕಿ. ಐಸ್‌ಡಬ್ಲ್ಯೂಎಂ, ಎಕ್ಸ್‌ಎಫ್‌ಸಿಇ ಜಗಳಕ್ಕಿಂತ ಇದರಿಂದ ಜನಕ್ಕೆ ಉಪಯೋಗ ಜಾಸ್ತಿ.

ಬಿಟ್_ಬಡವ
ಎಂಪಿವಿಗೆ ವೈಟಿ-ಡಿಎಲ್‌ಪಿ (ಸೈಟಿನಿಂದ ವಿಡಿಯೊ ತರುವ ಪ್ರೋಗ್ರಾಂ) ಜೋಡಿಸಿದರೆ ಬ್ರೌಸರೇ ಬೇಡ.

ರೀಲು_ಬಿಡುವವ
ಡೆಬಿಯನ್ ಸ್ಟೇಬಲ್‌ನಲ್ಲಿರುವ ವೈಟಿ-ಡಿಎಲ್‌ಪಿ ಬೇಗ ಹಳೆಯದಾಗುತ್ತದೆ. ಸೈಟ್ ಬದಲಾದ ಕೂಡಲೇ ನಿಲ್ಲುತ್ತದೆ. ಹೊಸ ಆವೃತ್ತಿ ಕೊಡುವ ಬ್ಯಾಕ್‌ಪೋರ್ಟ್ಸ್‌ನಿಂದ ತರುವುದಾದರೆ ಇಡಿ, ಇಲ್ಲದಿದ್ದರೆ ಬೇಡ.

ಅಚ್ಚುಮೊಳೆ
ಪ್ರಿಂಟಿಂಗ್: ಮುದ್ರಣ ನೋಡಿಕೊಳ್ಳುವ ಕಪ್ಸ್ ಇರಲಿ, ನೆಟ್‌ವರ್ಕ್‌ನಲ್ಲಿ ಪ್ರಿಂಟರ್ ಹುಡುಕುವ ಕಪ್ಸ್-ಬ್ರೌಸ್ಡ್ ಬೇಡ. 2024ರ ಸೆಪ್ಟೆಂಬರ್‌ನಲ್ಲಿ ಸುದ್ದಿಯಾದ ದೋಷ ನೆನಪಿರಬೇಕಲ್ಲ. ಕಪ್ಸ್-ಬ್ರೌಸ್ಡ್ ಯುಡಿಪಿ 631 ಪೋರ್ಟ್‌ನಲ್ಲಿ ಕಿವಿ ತೆರೆದು ಕೂತು, ಯಾರು ಏನು ಕಳಿಸಿದರೂ ಪ್ರಿಂಟರ್ ಅಂತ ನಂಬುತ್ತಿತ್ತು. ಈಚಿನ ಬಹುತೇಕ ಪ್ರಿಂಟರ್‌ಗಳು ಡ್ರೈವರ್ ಇಲ್ಲದೆ ಐಪಿಪಿ ಅನ್ನುವ ಸಾಮಾನ್ಯ ಭಾಷೆಯಲ್ಲೇ ಮಾತಾಡುತ್ತವೆ. ಕಪ್ಸ್ ಅನ್ನು ಬೇಕಾದಾಗ ಮಾತ್ರ ಏಳುವ ಹಾಗೆ ಇಡಬಹುದು. ಬ್ಲೂಟೂತ್‌ಗೂ ಹಾಗೇ. ಬ್ಲೂಜ್ ಮತ್ತು ಬ್ಲೂಮ್ಯಾನ್ ಇರಲಿ, ಟ್ರೇ ಐಕಾನ್ ತಾನಾಗಿ ಶುರುವಾಗದಿರಲಿ.

ಅಕ್ಷರಮಾಲೆ
ಫಾಂಟ್ ಕಡೆಗೂ ಒಂದು ಕಣ್ಣಿಡಿ. ಎಲ್ಲ ಭಾಷೆಯೂ ಬರಲಿ ಅಂತ ನೋಟೊ ಫಾಂಟ್ ಪೂರ್ತಿ ತಂದರೆ ಚೀನೀ, ಜಪಾನಿ, ಕೊರಿಯನ್ ಭಾಗವೊಂದೇ ಐಎಸ್‌ಒದಲ್ಲಿ ದೊಡ್ಡ ಜಾಗ ಹಿಡಿಯುತ್ತದೆ. ಕನ್ನಡಕ್ಕೆ ಗುಬ್ಬಿ, ನವಿಲು, ಲೋಹಿತ್ ಮೂರನ್ನೂ ತರುವ ಮೆಟಾಪ್ಯಾಕೇಜ್ ಇದೆ. ಅವು ತುಂಬಾ ಚಿಕ್ಕವು. ಟರ್ಮಿನಲ್ ಯಾವುದು ಹಾಕುತ್ತೀರೋ ಅದರಲ್ಲಿ ಒತ್ತಕ್ಷರ ಬರೆದು ನೋಡಿ. ಎಕ್ಸ್‌ಟರ್ಮ್‌ನಲ್ಲಂತೂ ಒಡೆದು ಬರುತ್ತದೆ.

ಮೂವತ್ತೆರಡು
ನನ್ನ ಹತ್ತಿರ 32-ಬಿಟ್ ಯಂತ್ರ ಇದೆ. ನಮ್ಮನ್ನು ಯಾರು ಕೇಳುತ್ತಾರೆ?

ಪ್ಯಾಕೇಜಕ್ಕ
ಡೆಬಿಯನ್ 13ರಲ್ಲಿ ಐ386ಗೆ (32-ಬಿಟ್) ಕರ್ನಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಫೈರ್‌ಫಾಕ್ಸ್ ಕೂಡ 145ರಿಂದ 32-ಬಿಟ್ ಲಿನಕ್ಸ್ ಬಿಟ್ಟಿದೆ. ಇವರು ಬೇಕು ಅಂದರೂ ಕಟ್ಟಿಕೊಡುವುದು ಕಷ್ಟ. ಸದ್ಯಕ್ಕೆ ನಿಮಗೆ ಆಂಟಿಎಕ್ಸ್ 23 ಅಥವಾ ಟೈನಿ ಕೋರ್.

ಮೂವತ್ತೆರಡು
ಟೈನಿ ಕೋರ್ ಚೆನ್ನಾಗಿದೆ, ಬ್ರೌಸರ್ ಕೇಳದಿದ್ದರೆ.

ಹಳೆಪೆಟ್ಟಿಗೆ
ಇಷ್ಟು ಹೊತ್ತಿಗೆ ನಮ್ಮವರೂ ಓದಿ ಒಂದು ಕಡೆ ಬಂದಿದ್ದಾರೆ. ಎಕ್ಸ್‌ಎಫ್‌ಸಿಇ ಉಳಿಯುತ್ತದೆ, ಐಸ್‌ಗಡ್ಡೆಯವರ ಕ್ಷಮೆ ಇರಲಿ. ಫೈರ್‌ಫಾಕ್ಸ್ ಇಎಸ್‌ಆರ್ ಮತ್ತು ಯುಬ್ಲಾಕ್. ರೈಟರ್, ಕ್ಯಾಲ್ಕ್. ಎಂಪಿವಿ. ಪಿಡಿಎಫ್‌ಗೆ ಅಟ್ರಿಲ್: ಜಿಟಿಕೆ3, ಫಾರ್ಮ್ ತುಂಬುವುದಕ್ಕೂ ಬರುತ್ತದೆ. ಕಪ್ಸ್-ಬ್ರೌಸ್ಡ್ ಹೊರಗೆ. ಝಡ್‌ರ‍್ಯಾಮ್, ಅರ್ಲಿಊಮ್ ಒಳಗೆ. ಮೆಟಾಪ್ಯಾಕೇಜ್ ಅಕ್ಕ ಹೇಳಿದ ಹಾಗೆ. ಎಚ್264 ಎಕ್ಸ್‌ಟೆನ್ಷನ್ ಬಗ್ಗೆ ಇನ್ನೂ ಮಾತುಕತೆ ನಡೆದಿದೆ. ಡೆಬಿಯನ್ ಭಂಡಾರದಲ್ಲಿ ಇಲ್ಲದ್ದನ್ನು ನಾವೇ ಕಟ್ಟಿ, ನಾವೇ ಅಪ್‌ಡೇಟ್ ಕೊಡಬೇಕಾಗುತ್ತದೆ. ಅಷ್ಟು ಕೈಗಳು ನಮ್ಮ ಹತ್ತಿರ ಇಲ್ಲ.

ರೀಲು_ಬಿಡುವವ
ಹಾಗಿದ್ದರೆ ಫೈರ್‌ಫಾಕ್ಸ್ ಸೆಟ್ಟಿಂಗ್‌ನಲ್ಲಿ ಎವಿ1 ಆಫ್ ಮಾಡಿ ಕೊಡಿ. ಎಕ್ಸ್‌ಟೆನ್ಷನ್ ಬೇಡ, ಅರ್ಧ ಕೆಲಸ ಆಗುತ್ತದೆ.

ಐಸ್‌ಗಡ್ಡೆ
ಕ್ಷಮೆ ಇಲ್ಲ. ಐಸ್‌ಡಬ್ಲ್ಯೂಎಂ ಸೆಷನ್ ಒಂದನ್ನು ಲಾಗಿನ್ ಪರದೆಯಲ್ಲಿ ಎರಡನೆಯ ಆಯ್ಕೆಯಾಗಿ ಇಡಿ. ಎಷ್ಟು ಜಾಗ ಬೇಕು ಅದಕ್ಕೆ? ಕೆಲವೇ ಎಂಬಿ.

ಹಳೆಪೆಟ್ಟಿಗೆ
ಅದನ್ನು ಇಡಬಹುದು. ಕೇಳಿ ಹೇಳುತ್ತೇನೆ.

ಪೇಜ್‌ಟೇಬಲ್
ಐಎಸ್‌ಒ ಒಳಗಿನ ಸ್ಕ್ವಾಶ್‌ಎಫ್‌ಎಸ್ (ಒತ್ತಿಟ್ಟ ಸಿಸ್ಟಂ ಫೈಲು) ಯಾವುದರಲ್ಲಿ ಒತ್ತುತ್ತಿದ್ದೀರಿ? ಎಕ್ಸ್‌ಝಡ್ ಆದರೆ ಹಳೆ ಪ್ರೊಸೆಸರ್‌ನಲ್ಲಿ ಇನ್‌ಸ್ಟಾಲ್ ಮಾಡದೆ ಓಡಿಸುವ ಲೈವ್ ಸೆಷನ್ ತೆವಳುತ್ತದೆ. ಝಡ್‌ಸ್ಟ್ಯಾಂಡರ್ಡ್ ಆದರೆ ಫೈಲು ಸ್ವಲ್ಪ ದೊಡ್ಡದು, ಆದರೆ ಬಿಚ್ಚುವುದು ಎಷ್ಟೋ ಬೇಗ.

ಹಳೆಪೆಟ್ಟಿಗೆ
ಎಕ್ಸ್‌ಝಡ್. ಝಡ್‌ಸ್ಟ್ಯಾಂಡರ್ಡ್ ಮಾಡಿದರೆ 1.5 ಜಿಬಿ ದಾಟುತ್ತದೇನೋ ಅಂತ ಭಯ. ಇವತ್ತು ರಾತ್ರಿ ಎರಡೂ ಕಟ್ಟಿ ನೋಡುತ್ತೇವೆ.